ಒಂದು ದಿನದ ಬೀಗರು

ನಮ್ಮ ಕಡೆ ಮನೆಗೆ ಬಂದವರನ್ನೆಲ್ಲ ಬೀಗರು ಎಂದೇ ಕರೆಯುವುದು ರೂಢಿ. ನೆಂಟಸ್ತಿಕೆ ಇರಲಿ, ಇಲ್ಲದಿರಲಿ, ಹೊಸ್ತಿಲು ದಾಟಿ ಬಂದರೆ ಬೀಗರೇ. ಆಳಂದ ತಾಲ್ಲೂಕಿನ ನರೋಣಾ ನನ್ನ ತವರು. ಆ ಮನೆಯಲ್ಲಿ ಬೀಗರಿಲ್ಲದ ದಿನವನ್ನು ನಾನು ಕಂಡದ್ದು ಕಡಿಮೆ. ಗಾಣಗಾಪುರಕ್ಕೆ ಹೋಗಿ ಬರುವವರು, ಕನ್ಯೆ ನೋಡಲು ಬಂದವರು, ಬಸ್ಸು ತಪ್ಪಿತೆಂದು ಉಳಿದವರು, ಹೀಗೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಇರುತ್ತಿದ್ದಳು. ಅವರು ಹೋದ ಮೇಲೆ ನನ್ನ ಕೈಗೆ ಕಸಬರಿಗೆ ಕೊಟ್ಟು ಹೇಳುತ್ತಿದ್ದಳು: "ಬೀಗರು ಇದ್ದಾಗ ಅವರ ಗುಣ ತಿಳಿಯಂಗಿಲ್ಲವ್ವಾ. ಹೋದ ಮ್ಯಾಲ ಅವರು ಕುಂತ ಜಾಗಾ ನೋಡಬೇಕು."

ನೋಡುತ್ತಿದ್ದೆ. ಕೆಲವರು ಚಾಪೆ ಸುತ್ತಿ ಗೋಡೆಗೆ ಒರಗಿಸಿ, ನೀರು ಕುಡಿದ ತಂಬಿಗೆಯನ್ನು ಬಾಯಿ ಕೆಳಗೆ ಮಾಡಿ ಇಟ್ಟು ಹೋಗಿರುತ್ತಿದ್ದರು. ಕೆಲವರು ಕುಳಿತ ಮೂಲೆಯಲ್ಲಿ ಎಲೆಯಡಿಕೆಯ ಕೆಂಪು ಉಗುಳು. ಇವರಿಬ್ಬರ ನಡುವಿನ ಅಂತರ ಊಟ ಮಾಡಿದವರಿಗೆ ಗೊತ್ತಾಗುವುದಿಲ್ಲ. ಕಸ ಹೊಡೆಯುವವಳಿಗೆ ಮಾತ್ರ ಗೊತ್ತಾಗುತ್ತದೆ.

ಅವ್ವನ ಈ ಮಾತು ನನಗೆ ಮತ್ತೆ ನೆನಪಾದದ್ದು ಮನೆಯೂ ಇಲ್ಲದ, ಮನೆಯೊಡತಿಯೂ ಇಲ್ಲದ ಒಂದು ಜಾಗದಲ್ಲಿ. ಉಡುಪಿಯ ಹತ್ತಿರ ಮಲ್ಪೆಯ ಕಡಲಿನಲ್ಲಿರುವ ಸೇಂಟ್ ಮೇರೀಸ್ ದ್ವೀಪದಲ್ಲಿ.

ಕಲಬುರಗಿಯ ನಮ್ಮ ಬಡಾವಣೆಯ ಹದಿನಾಲ್ಕು ಮಂದಿ ಹೆಂಗಸರು ಒಂದು ಫೆಬ್ರವರಿಯಲ್ಲಿ ಬಸ್ಸು ಗೊತ್ತು ಮಾಡಿಕೊಂಡು ಉಡುಪಿಗೆ ಹೊರಟೆವು. ಹೊರಡುವ ಮಾತು ಬಂದಾಗ ನನಗೆ ಇದ್ದದ್ದು ಒಂದೇ ಚಿಂತೆ, ನಮ್ಮ ಅತ್ತೆಯವರದು. ಎಂಬತ್ತನಾಲ್ಕು ವರ್ಷ, ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದವರು. ತಾವಾಗಿ ಮಗ್ಗಲು ಬದಲಿಸಲೂ ಆಗದು. ಸೊಸೆ ಹೇಳಿದಳು: "ಹೋಗಿ ಬರ್ರಿ ಅತ್ತಿ, ನಾ ಇದ್ದೀನಲ್ರಿ." ಆ ಮಾತನ್ನು ನಾನು ಬಸ್ಸಿನ ಟಿಕೀಟಿನಂತೆ ತೆಗೆದುಕೊಂಡು ಪರ್ಸಿನಲ್ಲಿ ಇಟ್ಟುಕೊಂಡೆ. ಮತ್ತೆ ತೆಗೆದು ನೋಡಲಿಲ್ಲ.

ಕರಿಮಣ್ಣಿನ ಬಯಲಲ್ಲಿ ಬೆಳೆದವರಿಗೆ ನೀರೆಂದರೆ ಬಾವಿ, ಇಲ್ಲವೆ ಹಳ್ಳ. ಭೀಮಾ ಮತ್ತು ಅಮರ್ಜಾ ಕೂಡುವ ಗಾಣಗಾಪುರದ ಸಂಗಮವೇ ನಮ್ಮ ಅವ್ವ ಕಂಡ ದೊಡ್ಡ ನೀರು. ಆಕೆ ಸಮುದ್ರ ನೋಡದೆಯೇ ಹೋದಳು. ಮಲ್ಪೆಯಲ್ಲಿ ದೋಣಿ ಹತ್ತಿದಾಗ ಅವಳ ನೆನಪಾಗಿ ಕಣ್ಣು ತುಂಬಿತು. ಅರ್ಧ ತಾಸಿನ ದಾರಿ. ದ್ವೀಪದ ಹತ್ತಿರ ದೊಡ್ಡ ದೋಣಿಯಿಂದ ಸಣ್ಣದಕ್ಕೆ ಇಳಿಸಿದರು. ಸೀರೆಯನ್ನು ಮೊಣಕಾಲಿಗೆತ್ತಿ, ಒಬ್ಬರ ಕೈ ಒಬ್ಬರು ಹಿಡಿದು, ಕಿರುಚುತ್ತ, ನಗುತ್ತ ದಡ ಸೇರಿದೆವು.

ಅಲ್ಲಿ ಯಾರೂ ವಾಸವಿಲ್ಲ. ತೆಂಗಿನ ಮರಗಳು, ಕಾಲಡಿಗೆ ಮರಳಿಗಿಂತ ಹೆಚ್ಚಾಗಿ ಕಪ್ಪೆಚಿಪ್ಪು, ಮತ್ತೆ ಆ ಕಲ್ಲುಗಳು! ಯಾರೋ ಉಳಿ ಹಿಡಿದು ಕಡೆದು ಸಾಲಾಗಿ ನಿಲ್ಲಿಸಿದ ಕಂಬಗಳಂತೆ, ಐದು ಮೂಲೆ, ಆರು ಮೂಲೆ, ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ನಮ್ಮ ಜೊತೆಗಿದ್ದ ಭೂಗೋಳದ ಶಿಕ್ಷಕಿಯೊಬ್ಬರು ವಿವರಿಸಿದರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಆರುವಾಗ ಕುಗ್ಗಿ, ಒಣಗಿದ ಕೆರೆಯ ಕೆಸರು ಬಿರಿಯುವಂತೆ ಬಿರಿದು ಹೀಗೆ ಕಂಬಗಳಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿಯೂ ಇದೆಯಂತೆ.

"ನಿಮ್ಮ ನರೋಣಾದ ಕರಿಕಲ್ಲೂ ಲಾವಾನೇ ನೋಡ್ರಿ" ಎಂದರು ಅವರು. ನಮ್ಮ ದಖನ್ನಿನ ಕಲ್ಲು ಇದಕ್ಕಿಂತ ಚಿಕ್ಕದು, ಸುಮಾರು 6.6 ಕೋಟಿ ವರ್ಷದ್ದು. ಅದು ಸವೆದು ಪುಡಿಯಾಗಿಯೇ ನಮ್ಮ ತೊಗರಿ ಬೆಳೆಯುವ ಎರೆಮಣ್ಣಾಯಿತು. ಅಷ್ಟು ದೂರ ಬಂದು ನಾನು ಕಂಡದ್ದು ತವರಿನ ಕಲ್ಲಿನ ಹಿರಿಯಕ್ಕನನ್ನು! ಅದನ್ನು ಕೈಯಿಂದ ಮುಟ್ಟಿ ನೋಡಿದೆ. ಬಿಸಿಲಿಗೆ ಬೆಚ್ಚಗಿತ್ತು.

ಆ ಮೂರು ತಾಸುಗಳ ಸುಖವನ್ನು ನಾನು ಮುಚ್ಚಿಡುವುದಿಲ್ಲ. ಚಹಾ ಎಂದು ಕೇಳುವವರಿಲ್ಲ, ಗಂಟೆ ನೋಡಬೇಕಾಗಿಲ್ಲ. ಮದುವೆಯಾಗಿ ಮೂವತ್ತನಾಲ್ಕು ವರ್ಷ ನಾನು ಎಲ್ಲಿ ಹೋದರೂ ಅರ್ಧ ಅತಿಥಿ, ಅರ್ಧ ಅಡಿಗೆಯವಳು. ಲಗ್ನಕ್ಕೆ ಹೋದರೂ ಹಪ್ಪಳ ಕರಿಯಲು ಕೂಡಬೇಕು. ಅವತ್ತು ಮಾತ್ರ ನಾನು ಬರೀ ಬೀಗಿತಿ. ಕಂಬದ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು ಅಲೆ ನೋಡಿದ್ದೊಂದೇ ಕೆಲಸ.

ಆಮೇಲೆ ಕಣ್ಣು ಕಲ್ಲಿನ ಸಂದಿಗೆ ಹೋಯಿತು. ನೀರಿನ ಬಾಟಲಿ, ಚಿಪ್ಸಿನ ಪಾಕೀಟು, ಒಂದು ಮಗುವಿನ ಚಪ್ಪಲಿ. ಥಟ್ಟನೆ ಅವ್ವನ ಮಾತು ಬಂತು. ಇಲ್ಲಿ ಕುಂತ ಜಾಗವನ್ನು ಹಿಂದಿನಿಂದ ನೋಡುವವರು ಯಾರು? ಎಲ್ಲರೂ ಸಂಜೆಯೊಳಗೆ ಹೊರಡಲೇಬೇಕಾದ ಮನೆ ಇದು. ಮನೆಯೊಡತಿ ಇಲ್ಲದ ಮನೆಗೆ ಹೋದ ಬೀಗರು ಹೇಗೆ ನಡೆದುಕೊಳ್ಳಬೇಕು?

ನರೋಣಾದಲ್ಲಿ ಇದಕ್ಕೊಂದು ಉತ್ತರವಿತ್ತು. ವರ್ಷಕ್ಕೊಮ್ಮೆ ಎಳ್ಳಮವಾಸ್ಯೆಗೆ ನಾವೂ ಬುತ್ತಿ ಕಟ್ಟಿಕೊಂಡು ಒಂದು ದಿನದ ಮಟ್ಟಿಗೆ ಹೊಲಕ್ಕೆ ಹೋಗುತ್ತಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಇರುತ್ತಿತ್ತು. ಹಸಿವಾಗಿ ನಾವು ಕುಣಿಯುತ್ತಿದ್ದರೂ ಮೊದಲು ಹೊಲಕ್ಕೆ ಪೂಜೆಯಾಗಿ, ಸುತ್ತ ಚರಗ ಚೆಲ್ಲಿದ ಮೇಲೆಯೇ ನಮಗೆ ಊಟ. ಹೊಲ ನಮ್ಮದೇ, ಕಾಗದ ಅಪ್ಪನ ಹೆಸರಿನಲ್ಲಿತ್ತು. ಆದರೂ ಅವತ್ತು ಭೂಮಿ ಮನೆಯೊಡತಿ, ನಾವು ಬೀಗರು. ಕೊಟ್ಟು ಉಣ್ಣಬೇಕು, ಉಂಡು ಬಳಿದು ಬರಬೇಕು. ಒಡೆಯರಿದ್ದ ಜಾಗದಲ್ಲಿಯೇ ಹೀಗಿದ್ದವರು, ಒಡೆಯರಿಲ್ಲದ ಜಾಗದಲ್ಲಿ ಏನನ್ನು ಚೆಲ್ಲಿ ಬರುತ್ತಿದ್ದೇವೆ ನೋಡಿ.

ಇಷ್ಟೆಲ್ಲ ಯೋಚಿಸಿದ ನಾನೇನು ಮಾಡಿದೆ? ನಮ್ಮ ಕಸವನ್ನು ಚೀಲಕ್ಕೆ ತುಂಬಿದ್ದು ನಿಜ. ಆದರೆ ಕಂಬಗಳ ಬುಡದಲ್ಲಿ ಬಿದ್ದಿದ್ದ ಒಂದು ಮೂಲೆಗಲ್ಲು, ಅಂಗೈಯಷ್ಟು ದೊಡ್ಡದು, ನನಗೆ ಬಹಳ ಹಿಡಿಸಿತು. ಸೆರಗಿನಲ್ಲಿ ಮುಚ್ಚಿಕೊಂಡೆ. ಶಿಕ್ಷಕಿ ಕಂಡು, "ಇರ್ಲಿ ಬಿಡ್ರಿ, ಒಂದು ಕಲ್ಲಿಗೆ ಏನಾಗ್ತದ" ಎಂದರು. ನನಗೂ ಹಾಗೆಯೇ ಅನ್ನಿಸಿತು. ಏನೂ ಆಗುವುದಿಲ್ಲವಾದರೆ ಸೆರಗಿನಲ್ಲಿ ಮುಚ್ಚಿದ್ದು ಯಾಕೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಒಬ್ಬಳಿಂದ ಏನಾಗುತ್ತದೆ ಎಂಬ ಮಾತು ಸುಳ್ಳಲ್ಲ. ತೊಂದರೆಯೆಂದರೆ ಅದು ಎಲ್ಲರ ಬಾಯಲ್ಲೂ ಅಷ್ಟೇ ನಿಜ. ಥಾಯ್ಲೆಂಡಿನ ಮಾಯಾ ಕೊಲ್ಲಿ ಎಂಬ ಜಾಗ 2000ದಲ್ಲಿ ಬಂದ ಒಂದು ಇಂಗ್ಲಿಷ್ ಸಿನಿಮಾದಿಂದ ಹೆಸರಾಯಿತು. ದಿನಕ್ಕೆ ಸಾವಿರಾರು ಜನ ದೋಣಿಯಲ್ಲಿ ಬಂದು ಸಂಜೆಗೆ ಹೋಗುತ್ತಿದ್ದರು. ಒಬ್ಬೊಬ್ಬರೂ ನೋಡಿದ್ದು ಒಂದೇ ದಿನ. ನೀರೊಳಗಿನ ಹವಳದ ದಿಬ್ಬಗಳು ಹಾಳಾಗಿ, 2018ರಲ್ಲಿ ಅಲ್ಲಿನ ಸರಕಾರ ಕೊಲ್ಲಿಯನ್ನೇ ಮುಚ್ಚಿತು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಬಂದವರಲ್ಲಿ ಕೆಟ್ಟವರೇ ಇದ್ದರೆಂದಲ್ಲ. ಎಲ್ಲರೂ ಒಂದು ದಿನದವರು, ಅಷ್ಟೇ. ಬೀಗನಿಗೆ ತಾನು ಬಂದ ದಿನವೊಂದೇ ಕಾಣುತ್ತದೆ. ಮನೆಗೆ ಮುನ್ನೂರರವತ್ತೈದು ದಿನವೂ ಕಾಣುತ್ತವೆ.

ನಾಲ್ಕನೆಯ ದಿನ ಬೆಳಗಿನ ಜಾವ ಮನೆಗೆ ಬಂದೆ. ಬಾಗಿಲು ತೆರೆದ ಸೊಸೆಯ ಮುಖ ನೋಡಿ ಗಾಬರಿಯಾಯಿತು. ಕಣ್ಣು ಒಳಗೆ ಹೋಗಿವೆ, ಮೈ ಸುಡುತ್ತಿದೆ. ನಾನು ಹೊರಟ ರಾತ್ರಿಯೇ ಅತ್ತೆಯವರಿಗೆ ಭೇದಿ ಶುರುವಾಗಿತ್ತಂತೆ. ರಾತ್ರಿಗೆ ಆರು ಸಲ ಹಾಸಿಗೆ ಬದಲಿಸಿದ್ದಾಳೆ. ಮೂರನೆಯ ದಿನ ಇವಳಿಗೇ ಜ್ವರ. ಫೋನು ಯಾಕೆ ಮಾಡಲಿಲ್ಲ ಎಂದು ಜೋರು ಮಾಡಿದೆ. "ಒಂದ್ ಸಲ ಹೋಗೀರಿ, ಮನಸ್ಸು ಕೆಡಸಬಾರದಂತ ಸುಮ್ಮನಿದ್ದೆ" ಎಂದಳು. ಏನು ಕೊಡುವುದೆಂದು ತೋಚದೆ ಚೀಲದಿಂದ ಆ ಕಲ್ಲು ತೆಗೆದು ಅವಳ ಕೈಗಿಟ್ಟೆ. ತಿರುಗಿಸಿ ನೋಡಿದಳು. "ಛಲೋ ಅದ ಅತ್ತಿ. ಸಮುದ್ರ ಹ್ಯಾಂಗಿತ್ರಿ?"

ನನಗೆ ಉತ್ತರ ಬರಲಿಲ್ಲ.

ದ್ವೀಪದ ಮೇಲೆ ಕುಳಿತು, ಇಲ್ಲಿ ಮನೆಯೊಡತಿ ಯಾರು ಎಂದು ಅಷ್ಟು ಯೋಚಿಸಿದವಳು ನಾನು. ನನ್ನ ಆ ಮೂರು ತಾಸಿನ ಸುಖಕ್ಕೂ ಒಬ್ಬ ಮನೆಯೊಡತಿ ಇದ್ದಳು. ಅವಳು ಕಲಬುರಗಿಯಲ್ಲಿ ಹಾಸಿಗೆ ಒಗೆಯುತ್ತಿದ್ದಳು. ನಾನು ಎದ್ದು ಹೋದ ಜಾಗವನ್ನು ಹಿಂದಿನಿಂದ ನೋಡಿದವಳು, ಬಳಿದವಳು ಅವಳೇ.

ಹಾಗಾದರೆ ಹೋಗಲೇಬಾರದಿತ್ತೆ? ಹಾಗೆಂದು ನಾನು ಹೇಳಲಾರೆ. ನಮ್ಮ ಅವ್ವಂದಿರು ಹೋಗದೆಯೇ ಉಳಿದರು. ಅದರಿಂದ ಯಾರ ಪುಣ್ಯ ಹೆಚ್ಚಾಯಿತು? ಹೆಂಗಸಿಗೆ ಒಂದು ದಿನದ ಬಿಡುವು ಪಾಪವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಮುದ್ರ ಕಂಡ ಖುಷಿ ಸುಳ್ಳಲ್ಲ, ಅದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. ಆದರೆ ಅದು ನನ್ನ ದುಡಿಮೆಯ ಗಳಿಕೆಯಷ್ಟೇ ಅಲ್ಲ, ಕಡವೂ ಹೌದು. ಕಡ ತಂದದ್ದನ್ನು ಸ್ವಂತದ್ದೆಂದು ತಿಳಿದದ್ದೇ ನನ್ನ ತಪ್ಪು. "ನಾ ಇದ್ದೀನಲ್ರಿ" ಎಂದು ಒಬ್ಬರು ಹೇಳಿದರೆ, ಒಂದು ದಿನ ಆ ಮಾತನ್ನು ನಾವೂ ಅವರಿಗೆ ತಿರುಗಿ ಹೇಳಬೇಕಾಗುತ್ತದೆ.

ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಆ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಅದಕ್ಕೂ ಕೆಲವು ತಿಂಗಳು ಬಿಡುವು. ನಮ್ಮಲ್ಲಿ ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ನೊಗ ಹೂಡದೆ ಬಿಡುತ್ತೇವೆ. ದ್ವೀಪಕ್ಕೆ ಮಳೆಗಾಲ, ಎತ್ತಿಗೆ ಕಾರಹುಣ್ಣಿಮೆ. ಸೊಸೆಗೆ ಯಾವುದು?

ಮರುವರ್ಷ ಮೇ ತಿಂಗಳ ಕೊನೆಗೆ ಅವಳ ಗೆಳತಿಯರು ಉಡುಪಿಗೆ ಹೊರಟಿದ್ದರು. ನೀನೂ ಹೋಗು ಎಂದೆ. "ಆಯಿನ ಯಾರು ನೋಡ್ಕೋತಾರ್ರಿ?" ಎಂದಳು. "ನಾ ಇದ್ದೀನಲ್ಲವ್ವಾ" ಎಂದೆ. ಬಾಯಿಂದ ಆ ಮಾತು ಹೊರಡುವಾಗ ಎಷ್ಟು ಭಾರವೆಂದು ಆಗ ತಿಳಿಯಿತು. ಅವಳು ಅದನ್ನು ಹೂವಿನಂತೆ ಹೇಳಿದ್ದಳು. ಮುಂದಿನ ನಾಲ್ಕು ದಿನ ಅತ್ತೆಯವರ ಮಗ್ಗಲು ಬದಲಿಸುತ್ತ, ಬಟ್ಟೆ ಒಗೆಯುತ್ತ, ರಾತ್ರಿ ನಾಲ್ಕು ಬಾರಿ ಏಳುತ್ತ, ನನ್ನ ಫೆಬ್ರವರಿಯ ಬೆಲೆಯನ್ನು ಒಂದೊಂದಾಗಿ ಎಣಿಸಿದೆ.

ಹೊರಡುವಾಗ ಆ ಕಲ್ಲನ್ನೂ ಅವಳ ಚೀಲದಲ್ಲಿ ಇಟ್ಟಿದ್ದೆ, ಎಲ್ಲಿಂದ ತಂದಿದ್ದೆನೋ ಅಲ್ಲಿಯೇ ಇಟ್ಟು ಬಾ ಎಂದು. ಆದರೆ ಗಾಳಿ ಎದ್ದು ಅವತ್ತು ದೋಣಿ ಬಿಡಲಿಲ್ಲವಂತೆ. ಮಲ್ಪೆಯ ದಂಡೆಯಲ್ಲಿಯೇ ಕುಳಿತು ನೋಡಿ ಬಂದಳು. "ದೂರದಿಂದ ಕಂಡಿತ್ರಿ ಅತ್ತಿ, ತೆಂಗಿನ ಗಿಡಾನೂ ಕಂಡವು" ಎಂದು ನಕ್ಕಳು. ಮುಖ ತುಂಬಿಕೊಂಡಿತ್ತು. ಕಲ್ಲು ಮಾತ್ರ ಆರು ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಅಷ್ಟೇ ದೂರ ಹಿಂದಕ್ಕೆ ಬಂತು.

ಈಗ ಅದು ನಮ್ಮ ಮನೆಯ ತುಳಸಿಕಟ್ಟೆಯ ಪಕ್ಕದಲ್ಲಿದೆ. ಸೆರಗಿನಲ್ಲಿ ತರುವುದು ಎಷ್ಟು ಸುಲಭವಾಗಿತ್ತು! ಮುಂದಿನ ಸಲ ಯಾರು ಹೊರಟರೂ ಮೊದಲು ಚೀಲಕ್ಕೆ ಹಾಕಬೇಕಾದದ್ದು ಅದೇ ಎಂದು ಸೊಸೆಗೆ ಹೇಳಿದ್ದೇನೆ. ಯಾರು ಹೊರಡಬೇಕು, ಯಾರು ಉಳಿಯಬೇಕು ಎಂಬುದನ್ನು ಮಾತ್ರ ಈ ಸಲ ಇಬ್ಬರೂ ಕುಳಿತು ಮಾತಾಡಬೇಕೆಂದಿದ್ದೇವೆ.