ಮೊದಲು ಕೂತು ಲೆಕ್ಕ ಹಾಕಿ

ಬೈಬಲ್ ತೆಗೀರಿ. ಲೂಕನ ಸುವಾರ್ತೆ 14ನೇ ಅಧ್ಯಾಯ, 28ರಿಂದ 30ನೇ ವಚನ.

ಒಬ್ಬ ಮನುಷ್ಯ ಗೋಪುರ ಕಟ್ಟಬೇಕು. ಮೊದಲು ಏನು ಮಾಡಬೇಕು ಅಂತಾರೆ ಯೇಸು? ಪಾಯ ತೆಗೀಬೇಕಾ? ಇಲ್ಲ. ಕೂತ್ಕೋಬೇಕು, ಖರ್ಚಿನ ಲೆಕ್ಕ ಹಾಕಬೇಕು. ಇಲ್ಲದಿದ್ರೆ ಪಾಯದಲ್ಲೇ ಕೆಲಸ ನಿಲ್ಲುತ್ತೆ, ನೋಡಿದವರು ನಗ್ತಾರೆ.

ಇವತ್ತು ಬರುವಾಗ ಎಷ್ಟು ಜನ ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕ್ಕೊಂಡ್ರಿ? (ನಗು) ಅದು ಶುರುವಾಗಿದ್ದು 2003ರಲ್ಲಿ. ದೇವನಹಳ್ಳಿ ಏರ್‌ಪೋರ್ಟ್ ಶುರುವಾಗಿದ್ದು 2008ರಲ್ಲಿ. ಆಮೇಲೆ ಬಂದ ಗಾಡಿಗಳಿಗೆ ಜಾಗ ಸಾಲಲಿಲ್ಲ. 2025ರಲ್ಲಿ ಹೊಸ ಲೂಪ್ ಸೇರಿಸಿದ್ರು. ಓಡಾಡೋ ರಸ್ತೆ ಮಧ್ಯೆ ಪಿಲ್ಲರ್ ಎಬ್ಬಿಸೋ ಕಷ್ಟ ನೀವೇ ನೋಡಿದ್ದೀರಿ. ಪೇಪರ್ ಮೇಲಿನ ಗೆರೆ ಅಳಿಸೋಕೆ ರಬ್ಬರ್ ಸಾಕು. ಕಾಂಕ್ರೀಟ್‌ಗೆ ಸಾಕಾಗಲ್ಲ.

ನಾನೂ ಈ ತಪ್ಪು ಮಾಡಿದ್ದೀನಿ. ಯಲಹಂಕದಲ್ಲಿ ಮೂವತ್ತು-ನಲವತ್ತು ಸೈಟಲ್ಲಿ ಮನೆ ಶುರು ಮಾಡಿದಾಗ, "ದೇವರು ನೋಡ್ಕೋತಾರೆ" ಅಂತ ಎಸ್ಟಿಮೇಟೇ ಬರೆಸಲಿಲ್ಲ. ಮೋಲ್ಡಿಂಗ್ ಆಗೋ ಹೊತ್ತಿಗೆ ದುಡ್ಡು ಖಾಲಿ. ನನ್ನ ಹೆಂಡತಿ ಕೈಯ ಬಳೆ ಬಿಚ್ಚಿ ಟೇಬಲ್ ಮೇಲಿಟ್ಟಳು, ಒಂದು ಮಾತೂ ಆಡಲಿಲ್ಲ. ಆವತ್ತು ದೇವರು ನನ್ನ ಹೃದಯದಲ್ಲಿ ಮಾತಾಡಿದ್ರು. ನಾನು ನಂಬಿಕೆ ಅಂದ್ಕೊಂಡಿದ್ದು ಸೋಮಾರಿತನ. ಅದಕ್ಕೆ ದೇವರ ಹೆಸರು ಹಚ್ಚಿದ್ದೆ, ಅಷ್ಟೇ.

"ಪ್ಲಾನ್ ಮಾಡಿದ್ರೆ ಪವಿತ್ರಾತ್ಮನಿಗೆ ಜಾಗ ಎಲ್ಲಿ, ಪಾಸ್ಟರ್?" ಅಂತ ಕೇಳ್ತೀರಿ. ದಾವೀದನನ್ನು ನೋಡಿ. ಆಲಯ ಕಟ್ಟಿದ್ದು ಅವನಲ್ಲ, ಸೊಲೊಮೋನ. ಆದರೆ ನಕ್ಷೆ, ಚಿನ್ನ, ಬೆಳ್ಳಿ ಎಲ್ಲಾ ಮೊದಲೇ ಸಿದ್ಧ ಮಾಡಿದ್ದು ದಾವೀದ. ಆ ನಕ್ಷೆ ದೇವರಿಂದಲೇ ಬಂತು ಅಂತ 1 ಪೂರ್ವಕಾಲವೃತ್ತಾಂತ 28ನೇ ಅಧ್ಯಾಯ ಹೇಳುತ್ತೆ. ಕಲ್ಲುಗಳನ್ನು ಗಣಿಯಲ್ಲೇ ಕೆತ್ತಿ ತಂದರು. ಕಟ್ಟೋ ಜಾಗದಲ್ಲಿ ಸುತ್ತಿಗೆ ಸದ್ದೇ ಕೇಳಲಿಲ್ಲ. ಅಂದ್ರೆ ಲೆಕ್ಕ ಹಾಕೋ ಟೇಬಲ್ ಹತ್ರವೂ ಆತ್ಮನು ಇದ್ದಾನೆ. ಹಲ್ಲೆಲೂಯಾ!

ಯೌವನಸ್ಥರೇ, ಫ್ಲ್ಯಾಟ್ ಬುಕ್ ಮಾಡ್ತೀರಾ? ಅಡ್ವಾನ್ಸ್ ಕೊಡೋ ಮುಂಚೆ ಖಾತಾ, ಮಂಜೂರಾದ ಪ್ಲಾನ್, ರೇರಾ ನಂಬರ್ ನೋಡಿ. ಇಪ್ಪತ್ತು ವರ್ಷದ ಇಎಂಐ ಕೂಡಿಸಿ ನೋಡಿ. ಅಪ್ಪ-ಅಮ್ಮನ ಹತ್ರ ಕೂತು ಮಾತಾಡಿ. ಆದರೆ ಯೇಸು ಆ ಮಾತು ಹೇಳಿದ್ದು ಮನೆ ಕಟ್ಟೋರಿಗೆ ಮಾತ್ರ ಅಲ್ಲ, ತನ್ನ ಹಿಂದೆ ಬರೋರಿಗೆ. ಹಾಡು ಹಾಡಿದ ಬಿಸಿಯಲ್ಲಿ ಕೈ ಎತ್ತೋದು ಸುಲಭ. ಸೋಮವಾರ ಆಫೀಸಲ್ಲಿ ಅದರ ಬೆಲೆ ಕೊಡ್ತೀರಾ?

ಕಣ್ಣು ಮುಚ್ಚೋಣ. ಕರ್ತನೇ, ನಮ್ಮ ಅವಸರವನ್ನು ಕ್ಷಮಿಸು. ಕೂತು ಯೋಚಿಸೋ ಜ್ಞಾನ ಕೊಡು, ಶುರು ಮಾಡಿದ್ದನ್ನು ಮುಗಿಸೋ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.