ಭಾಷೆಗೂ ಹಗೆತನವೇ?

ಒಂದು ಭಾಷೆ ಕಲಿಯುವುದಕ್ಕೆ ಕಾರಣ ಹೇಳಬೇಕಾದ ಪ್ರಸಂಗ ನಮ್ಮಲ್ಲಿ ಕಡಿಮೆ. ಇಂಗ್ಲಿಷ್ ಆದರೆ ನೌಕರಿಗೆ, ಅರಬಿ ಆದರೆ ಪುಣ್ಯಕ್ಕೆ ಇಲ್ಲವೇ ಗಲ್ಫಿಗೆ ಎಂದು ಜನರೇ ಊಹಿಸಿಕೊಳ್ಳುತ್ತಾರೆ. ಆದರೆ ಕಾನಸೂರಿನಂಥ ಊರಿನಲ್ಲಿ, ಅಡಿಕೆ ತೋಟಗಳ ನಡುವೆ ಕುಳಿತು, ನಲವತ್ತು ದಾಟಿದ ಮುಸ್ಲಿಮನೊಬ್ಬ ಹೀಬ್ರೂ ಅಕ್ಷರ ತಿದ್ದತೊಡಗಿದರೆ ಕಾರಣ ಕೇಳದವರೇ ಇಲ್ಲ. ನೆರೆಯ ತೋಟದ ಹೆಗಡೆಯವರು, “ಅದೆಂತಕ್ಕೆ ಸಾಹೇಬ್ರೆ, ಇಸ್ರೇಲಿಗೆ ಹೊರಟ್ರಾ?” ಎಂದು ನಕ್ಕರು. ಮಸೀದಿಯಲ್ಲಿ ಹಿರಿಯರೊಬ್ಬರು ಕೇಳಿದ ಧಾಟಿ ಬೇರೆ: “ಗಾಜಾದ ಮಕ್ಕಳ ರಕ್ತ ಇನ್ನೂ ಆರಿಲ್ಲ ಬೇಟಾ, ನಿನಗೆ ಅವರ ಭಾಷೆ ಬೇಕಾಯಿತೇ?”

ಮೊದಲ ಪ್ರಶ್ನೆಗೆ ನಗುವೇ ಉತ್ತರವಾಯಿತು. ಎರಡನೆಯದಕ್ಕೆ ನಗು ಸಾಲದು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಅನಂತರದ ಎರಡು ವರ್ಷಗಳಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ 60,000 ದಾಟಿತು. ಬಾಂಬು ಹಾಕಲು ಆಜ್ಞೆ ಕೊಟ್ಟದ್ದು ಹೀಬ್ರೂ ಭಾಷೆಯಲ್ಲಿಯೇ. ಹಾಗಾದರೆ ಆ ಆಜ್ಞೆಯಲ್ಲಿ ಭಾಷೆಗೂ ಪಾಲಿದೆಯೇ?

ಕಲಿಯುವಾಗ ಏನಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಹೀಬ್ರೂವಿನಲ್ಲಿ ಇಪ್ಪತ್ತೆರಡು ಅಕ್ಷರ. ಉರ್ದು ಬರೆದು ಪಳಗಿದ ಕೈಗೆ ಬಲದಿಂದ ಎಡಕ್ಕೆ ಹೋಗುವುದು ಹೊಸತಲ್ಲ. ಅಲೆಫ್, ಬೇತ್, ಗಿಮೆಲ್, ದಾಲೆತ್ ಎಂದು ನಾಲ್ಕು ಅಕ್ಷರ ಹೇಳಿಕೊಂಡಾಗಲೇ ಇದು ನಮ್ಮ ‘ಅಬ್ಜದ್’ ಎಂದು ಹೊಳೆಯಿತು. ಲಾರಿ, ಅಂಗಡಿ, ಲಗ್ನಪತ್ರಿಕೆಗಳ ಮೇಲೆ ನಾವು ಬರೆಸುವ 786, ಬಿಸ್ಮಿಲ್ಲಾದ ಅಕ್ಷರಗಳ ಬೆಲೆಯನ್ನು ಕೂಡಿಸಿದ ಮೊತ್ತವಷ್ಟೆ. ಆ ಬೆಲೆಗಳು ನಿಂತಿರುವುದು ಇದೇ ಹಳೆಯ ಅಕ್ಷರಕ್ರಮದ ಮೇಲೆ. ಅಲೆಫ್‌ಗೆ ಒಂದು, ಬೇತ್‌ಗೆ ಎರಡು ಎಂದು ಯಹೂದಿಗಳೂ ಎಣಿಸುತ್ತಾರೆ.

ಕನ್ನಡ ಶಾಲೆಯಲ್ಲಿ ಕಾಗುಣಿತ ಕಲಿತ ಕಣ್ಣು ಮಾತ್ರ ತಕರಾರು ಮಾಡುತ್ತದೆ. ಸ್ವರವನ್ನು ಬರೆಯದೆ ಬರೀ ವ್ಯಂಜನಗಳನ್ನು ಸಾಲಾಗಿ ನಿಲ್ಲಿಸಿದರೆ ಓದುವುದು ಹೇಗೆ? ಉರ್ದು ಓದಿದ ಕಣ್ಣು ಸಮಾಧಾನ ಹೇಳುತ್ತದೆ: ಜೇರ್, ಜಬರ್ ಇಲ್ಲದ ಪತ್ರಿಕೆಯನ್ನು ನೀನು ಎಷ್ಟು ವರ್ಷಗಳಿಂದ ಓದುತ್ತಿಲ್ಲ? ಆಮೇಲೆ ಶಬ್ದಗಳು ಒಂದೊಂದಾಗಿ ಗುರುತು ಹೇಳತೊಡಗುತ್ತವೆ. ಸಲಾಮ್ ಅಲ್ಲಿ ಶಾಲೋಮ್. ನಫ್ಸ್ ಅಲ್ಲಿ ನೆಫೆಶ್. ಸದಕಾ ಅಲ್ಲಿ ತ್ಸೆದಾಕಾ. ಭಾಷೆಗೆ, ನಾಲಗೆಗೆ ಅರಬಿಯಲ್ಲಿ ಲಿಸಾನ್ ಎಂದರೆ ಹೀಬ್ರೂವಿನಲ್ಲಿ ಲಾಶೋನ್. ಅರಬಿಯ ‘ಐನ್’ ಅಕ್ಷರವನ್ನು ನಾವು ಉರ್ದುವಿನಲ್ಲಿ ಬರೆಯುತ್ತೇವೆ, ಗಂಟಲಿನಿಂದ ಉಚ್ಚರಿಸುವುದಿಲ್ಲ. ಇಸ್ರೇಲಿನಲ್ಲಿ ಬಹಳ ಜನ ಮಾಡುವುದೂ ಅದನ್ನೇ. ಅಲ್ಲಿ ಆ ಧ್ವನಿಯನ್ನು ಉಳಿಸಿಕೊಂಡವರಲ್ಲಿ ಯಮನ್, ಇರಾಕ್‌ಗಳಿಂದ ಬಂದ ಯಹೂದಿಗಳೇ ಮುಖ್ಯರು. ಅವರ ಹಿರಿಯರ ಮನೆಮಾತು ಅರಬಿಯಾಗಿತ್ತು.

ಇಂಥ ಮಾತು ಬಂದಾಗ ನಮ್ಮವರು ಝೈದ್ ಬಿನ್ ಸಾಬಿತ್(ರ)ರ ಪ್ರಸಂಗವನ್ನು ನೆನಪಿಸುತ್ತಾರೆ. ತಿರ್ಮಿದಿ, ಅಬೂದಾವೂದ್‌ಗಳಲ್ಲಿ ಅದಿದೆ. ಪ್ರವಾದಿ(ಸ)ಯವರ ಆದೇಶದಂತೆ ಅವರು ಯಹೂದಿಗಳ ಬರಹವನ್ನು ಅರ್ಧ ತಿಂಗಳಲ್ಲೇ ಕಲಿತರು. ಆದರೆ ಈ ಪ್ರಸಂಗವನ್ನು ಅರ್ಧ ಹೇಳಿ ಬಿಡುವುದು ಸರಿಯಲ್ಲ. ಕಾರಣವೂ ಅಲ್ಲಿಯೇ ಇದೆ: ಪತ್ರವ್ಯವಹಾರದಲ್ಲಿ ಇತರರನ್ನು ನಂಬಿ ಕೂರಲಾಗದು ಎಂಬ ಎಚ್ಚರ. ಒಂದು ಜನಾಂಗದ ಭಾಷೆ ಕಲಿತವನು ಅವರ ಕುತಂತ್ರದಿಂದ ಪಾರಾಗುತ್ತಾನೆ ಎಂಬ ಮಾತನ್ನಂತೂ ಹದೀಸ್ ಎಂದೇ ಹಂಚುತ್ತಾರೆ. ಅದು ಹದೀಸ್ ಅಲ್ಲ. ಎಚ್ಚರಕ್ಕಾಗಿ ಕಲಿಯುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಭಾಷೆ ಪಹರೆಯವನ ಹಾಗೆ ಬಾಗಿಲಲ್ಲೇ ನಿಲ್ಲುವುದಿಲ್ಲ, ಒಳಗೆ ಬರುತ್ತದೆ. ‘ನೆಫೆಶ್’ ಎಂಬ ಶಬ್ದವನ್ನು ಬರೀ ಅನುಮಾನದಿಂದ ಕಲಿಯುವುದು ನನ್ನಿಂದ ಆಗಲಿಲ್ಲ.

ಈ ಅಕ್ಷರಗಳು ನಮ್ಮ ಘಟ್ಟದ ಕೆಳಗೆ ಒಂದು ಕಾಲಕ್ಕೆ ದಿನಬಳಕೆಯಲ್ಲಿದ್ದವು. ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಮ್ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವನ್ನು ಅವನು ಬರೆದದ್ದು ಅಲ್ಲಿಯೇ. ಏಡನ್‌ನ ಪಾಲುದಾರರೊಡನೆ ಮೆಣಸು, ಏಲಕ್ಕಿ, ಅಡಿಕೆಯ ಲೆಕ್ಕಾಚಾರ ನಡೆಯುತ್ತಿದ್ದ ಪತ್ರಗಳ ಲಿಪಿ ಹೀಬ್ರೂ, ಭಾಷೆ ಅರಬಿ. ನಾವು ಆಡುವ ‘ಇನ್ಶಾ ಅಲ್ಲಾಹ್’ ಕೂಡ ಅಂಥ ಪತ್ರಗಳಲ್ಲಿ ಬರುತ್ತದೆ. ಅವು ಉಳಿದದ್ದಾದರೂ ಹೇಗೆ? ದೇವರ ಹೆಸರಿರುವ ಕಾಗದವನ್ನು ಕಸಕ್ಕೆ ಹಾಕಬಾರದೆಂದು ಹಳೆಯ ಕೈರೋದ ಸಿನಗಾಗಿನಲ್ಲಿ ಕಾಗದಗಳನ್ನೆಲ್ಲ ಒಂದು ಕೋಣೆಗೆ ತುಂಬುತ್ತಿದ್ದರು. ಹರಿದ ಕುರ್‌ಆನ್ ಪುಟಗಳನ್ನು ನಮ್ಮ ಮನೆಗಳಲ್ಲಿ ಬಟ್ಟೆಯಲ್ಲಿ ಕಟ್ಟಿ ಹೂಳುವುದಿಲ್ಲವೇ, ಹಾಗೆಯೇ. ಅಮಿತಾವ್ ಘೋಷ್ ಆ ಪತ್ರಗಳ ಬೆನ್ನು ಹತ್ತಿ ಮಂಗಳೂರಿಗೂ ಬಂದಿದ್ದರು. 1992ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಬೆನ್ ಯಿಜುವಿನ ಆಳು ಬೊಮ್ಮನ ಕಥೆಯೂ ಇದೆ.

ಇನ್ನೊಂದು ನೆನಪು ಕಹಿಯಾದದ್ದು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿದ್ದಕ್ಕೆ ಗಲಭೆಯಾಗಿ ಹಲವರು ಪ್ರಾಣ ಕಳೆದುಕೊಂಡರು. ಪ್ರೇಮಚಂದ್ ಮೊದಲು ಬರೆದ ಭಾಷೆ ಅದು, ರಘುಪತಿ ಸಹಾಯ್ ಎಂಬವರು ಫಿರಾಕ್ ಆದ ಭಾಷೆ. ಅದಕ್ಕೆ ಒಂದು ಸಮುದಾಯದ ಮುದ್ರೆ ಒತ್ತಿ, ಆ ಸಮುದಾಯದ ಮೇಲಿನ ಸಿಟ್ಟನ್ನೆಲ್ಲ ಭಾಷೆಯ ಮೇಲೆ ತೀರಿಸಿದರು. ಆಗ ನೊಂದ ನಾವು ಇನ್ನೊಂದು ಭಾಷೆಗೆ ಅದೇ ಮುದ್ರೆ ಒತ್ತುವುದು ಹೇಗೆ? ಇಸ್ರೇಲಿನ ಸಂಸತ್ತು 2018ರಲ್ಲಿ ಅರಬಿಯನ್ನು ಅಧಿಕೃತ ಭಾಷೆಯ ಸ್ಥಾನದಿಂದ ಕೆಳಗಿಳಿಸಿತು. ಅದನ್ನು ಅನ್ಯಾಯ ಎನ್ನುವ ಬಾಯಿ ಹೀಬ್ರೂವನ್ನು ಹೊಲಸು ಎನ್ನಬಾರದು.

ಆದರೂ ಆ ಹಿರಿಯರ ಮಾತಿನಲ್ಲಿ ಒಂದು ಸತ್ಯ ಉಳಿಯುತ್ತದೆ. ನನಗೆ ಹೀಬ್ರೂ ಸಂಜೆಯ ಬಿಡುವಿನ ವಿಷಯ. ಬೇಸರವಾದರೆ ಮೊಬೈಲ್ ಮುಚ್ಚಿಡಬಹುದು. ಚೆಕ್‌ಪೋಸ್ಟಿನಲ್ಲಿ ಸೈನಿಕನ ಮುಂದೆ ನಿಂತ ಫೆಲೆಸ್ತೀನಿಗೆ ಆ ಅನುಕೂಲ ಇಲ್ಲ. ಜೈಲಿನಲ್ಲಿ ಅದನ್ನು ಕಲಿತವರಿದ್ದಾರೆ. ಮಹಮೂದ್ ದರ್ವೀಶ್ ಅದನ್ನು ಕಲಿತದ್ದು ಶಾಲೆಯಲ್ಲಿ. ಲೋರ್ಕಾ, ನೆರೂಡರಂಥ ಕವಿಗಳನ್ನು ಅವರು ಮೊದಲು ಓದಿದ್ದು ಹೀಬ್ರೂ ಮೂಲಕ. ಅಂತೋನ್ ಶಮ್ಮಾಸ್ ಎಂಬ ಫೆಲೆಸ್ತೀನಿ ಲೇಖಕರು 1986ರಲ್ಲಿ ‘ಅರಬೆಸ್ಕ್’ ಕಾದಂಬರಿಯನ್ನು ಹೀಬ್ರೂವಿನಲ್ಲೇ ಬರೆದರು. ಅವರ ಕಲಿಕೆಯ ಎದುರು ನನ್ನದು ಹಗುರ. ಅದನ್ನು ಉದಾರತೆ ಎಂದು ತೋರಿಸಿಕೊಳ್ಳುವ ಹಕ್ಕು ನನಗಿಲ್ಲ.

ಜೆರುಸಲೇಮಿನಲ್ಲಿ ‘ಬೆತ್ಸೆಲೆಮ್’ ಎಂಬ ಮಾನವ ಹಕ್ಕು ಸಂಸ್ಥೆಯಿದೆ, 1989ರಲ್ಲಿ ಇಸ್ರೇಲಿಗಳೇ ಕಟ್ಟಿದ್ದು. ಹೆಸರು ತೌರಾತಿನದು, ಮನುಷ್ಯನನ್ನು ದೇವರ ರೂಪದಲ್ಲಿ ಸೃಷ್ಟಿಸಿದ ಪ್ರಸಂಗದಿಂದ ತೆಗೆದುಕೊಂಡದ್ದು. ‘ತ್ಸೆಲೆಮ್’ ಎಂದರೆ ರೂಪ, ಪ್ರತಿಮೆ. ನಮ್ಮ ಗಜಲುಗಳ ‘ಸನಮ್’ ಅದರ ನೆಂಟ. ಗಾಜಾದಲ್ಲಿ ತಮ್ಮ ಸರಕಾರ ಮಾಡಿದ್ದರ ಬಗ್ಗೆ ಆ ಸಂಸ್ಥೆ 2025ರ ಜುಲೈಯಲ್ಲಿ ವರದಿ ಹೊರತಂದಿತು. ಶೀರ್ಷಿಕೆ ‘ನಮ್ಮ ನರಮೇಧ’. ನಮ್ಮದು ಎನ್ನಲು ಹೀಬ್ರೂವಿನಲ್ಲಿ ‘ಶೆಲಾನು’. ಅದರ ಕೊನೆಯ ‘ನು’, ನಾವು ದುಆ ಮಾಡುವಾಗ ಹೇಳುವ ‘ರಬ್ಬನಾ’ದ ‘ನಾ’. ಆ ವರದಿಯನ್ನು ಹೀಬ್ರೂವಿನಲ್ಲೇ ಓದುವಷ್ಟು ಭಾಷೆ ನನಗಿನ್ನೂ ಬಂದಿಲ್ಲ. ಸದ್ಯಕ್ಕೆ ಶೀರ್ಷಿಕೆಯಲ್ಲೇ ಇದ್ದೇನೆ.