ಮೀಟರ್ ಸುತ್ತು ಹಾಕಿದ ಗಾಡಿ

ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್‌ನ ಮೀಟರಿನಲ್ಲಿ ಕಿಲೋಮೀಟರ್ ತೋರಿಸಲು ಇರುವುದು ಐದೇ ಅಂಕಿ. 99,999 ದಾಟಿತೋ, ಮತ್ತೆ ಸೊನ್ನೆಯಿಂದ ಶುರು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ರಸ್ತೆಗಳಲ್ಲಿ ಹೀಗೆ ಸೊನ್ನೆ ಕಂಡು ಬಂದ ಗಾಡಿಗಳಿಗೆ ಬರವಿಲ್ಲ. ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ತೋಟಕ್ಕೆ ಗೊಬ್ಬರದ ಚೀಲ, ಸಂಜೆ ಸಂತೆಯಿಂದ ಮನೆಮಂದಿ. ‘ಒಂದು ಸುತ್ತು ಆಗೈತಿ, ಎರಡನೇದು ನಡದೈತಿ’ ಎಂದು ಮಾಲೀಕ ಹೇಳುವ ಧಾಟಿಯಲ್ಲಿ ಮೊಮ್ಮಗನ ಓದಿನ ಸುದ್ದಿ ಹೇಳುವವರ ಹೆಮ್ಮೆ ಇರುತ್ತದೆ. ಮಾರುವ ದಿನ ಮಾತ್ರ ಅವನ ಬಾಯಿಂದ ಸುತ್ತಿನ ಮಾತು ಬರುವುದಿಲ್ಲ. ಇಪ್ಪತ್ತು ವರ್ಷದ ಗಾಡಿ ಬರೀ ಹನ್ನೆರಡು ಸಾವಿರ ಓಡಿದ ಕನ್ಯೆಯಾಗಿಬಿಡುತ್ತದೆ.

ಲಕ್ಷ ಕಿಲೋಮೀಟರ್ ಎಂದರೆ ಎಷ್ಟು ದುಡಿಮೆ? ಗಂಟೆಗೆ ಐವತ್ತರ ವೇಗದಲ್ಲಿ ನೂರು ಸಿ.ಸಿ.ಯ ಇಂಜಿನ್ ನಿಮಿಷಕ್ಕೆ ನಾಲ್ಕೂವರೆ ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ ಎಂದಿಟ್ಟುಕೊಂಡರೂ, ಮೀಟರ್ ಸೊನ್ನೆಗೆ ಬರುವ ಹೊತ್ತಿಗೆ ಕ್ರ್ಯಾಂಕು ಐವತ್ತು ಕೋಟಿಗೂ ಹೆಚ್ಚು ಸಲ ತಿರುಗಿರುತ್ತದೆ. ಅಷ್ಟರಲ್ಲಿ ಚೈನು-ಸ್ಪ್ರಾಕೆಟ್ ಎಷ್ಟು ಸೆಟ್ ಬದಲಾದವೋ! ಟೈರು, ಬ್ರೇಕ್ ಶೂ, ಕ್ಲಚ್ ಪ್ಲೇಟು, ಕೋನ್ ಸೆಟ್ಟು, ಟೈಮಿಂಗ್ ಚೈನು, ಕೇಬಲ್ಲು, ಸೀಟಿನ ಕವರು ಎಲ್ಲವೂ ಹೋಗಿ ಹೊಸವು ಬಂದಿರುತ್ತವೆ. ಬೋರ್ ಮಾಡಿಸಿದ್ದರೆ ಪಿಸ್ಟನ್ನೂ ಹಳೆಯದಲ್ಲ. ಹಾಗಾದರೆ ಲಕ್ಷ ದಾಟಿದ್ದು ಯಾವುದು?

ಸರ್ಕಾರದ ಬಳಿ ಇದಕ್ಕೆ ಚುಟುಕು ಉತ್ತರವಿದೆ: ಚಾಸಿ ನಂಬರ್. ಹದಿನೈದು ವರ್ಷ ತುಂಬಿದ ಮೇಲೆ ಆರ್.ಸಿ. ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಗಾಡಿ ಒಯ್ದಾಗ ನೋಡುವುದು ಆ ನಂಬರನ್ನು. ಅದು ಸರಿ ಇದ್ದು, ಗಾಡಿಯೂ ಓಡಲು ಲಾಯಕ್ಕಾಗಿದ್ದರೆ ಮತ್ತೆ ಐದು ವರ್ಷ ಅದೇ ಗಾಡಿ. ಕಾನೂನಿಗೆ ಇಷ್ಟು ಸಾಕು. ಮನಸ್ಸಿಗೆ ಸಾಲದು, ಏಕೆಂದರೆ ಅದೇ ಚಾಸಿ ಗುಜರಿ ಅಂಗಡಿಯಲ್ಲಿ ಬಿದ್ದಿದ್ದರೆ ಯಾರೂ ಅದನ್ನು ಗಾಡಿ ಎನ್ನುವುದಿಲ್ಲ.

ಈ ಪ್ರಶ್ನೆಯನ್ನು ಗ್ರೀಕರು ಥೀಸಿಯಸ್‌ನ ಹಡಗಿನ ಹೆಸರಲ್ಲಿ ಕೇಳಿಕೊಂಡರು. ಶಿಕಾರಿಪುರ ತಾಲ್ಲೂಕಿನವರು ಅಷ್ಟು ದೂರ ಹೋಗಬೇಕಿಲ್ಲ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯಲ್ಲಿ 11ನೆಯ ಶತಮಾನದಲ್ಲಿ ಬೌದ್ಧ ವಿಹಾರವಿತ್ತು, ತಾರಾ ಭಗವತಿಯ ಆರಾಧನೆ ನಡೆಯುತ್ತಿತ್ತು. ಬೌದ್ಧ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ರಥದ ಬಗ್ಗೆ ಸತಾಯಿಸುತ್ತಾನೆ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಒಂದೊಂದಕ್ಕೂ ರಾಜ ಅಲ್ಲ ಎನ್ನಬೇಕಾಗುತ್ತದೆ. ಬಿಡಿಭಾಗಗಳನ್ನು ಆಶ್ರಯಿಸಿ ರಥವೆಂಬ ಹೆಸರು ನಿಂತಿದೆ, ಅದರಾಚೆ ರಥವೆಂಬ ಗಟ್ಟಿ ವಸ್ತು ಬೇರೆ ಇಲ್ಲ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಮನುಷ್ಯನೂ ಹಾಗೆಯೇ ಎಂಬುದು ಭಿಕ್ಷುವಿನ ಗುರಿ.

ತರ್ಕ ಚೆನ್ನಾಗಿದೆ, ಆದರೆ ಗ್ಯಾರೇಜಿನ ಮುಂದೆ ನಿಂತವನಿಗೆ ಅದರಲ್ಲಿ ಒಂದು ಎಳೆ ಕಡಿಮೆಯಾದಂತೆ ಕಾಣುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲು ಹೊದಿಸಿಟ್ಟ ಗಾಡಿಗೆ ಎಲ್ಲ ಭಾಗಗಳೂ ಇವೆ, ಹೆಸರೂ ಇದೆ. ಎರಡು ಮಳೆಗಾಲ ಹಾಗೇ ಬಿಟ್ಟು ನೋಡಬೇಕು. ಕಾರ್ಬೊರೇಟರಿನಲ್ಲಿ ನಿಂತ ಪೆಟ್ರೋಲ್ ಆರಿ ಅಂಟಾಗಿ ಜೆಟ್ಟಿನ ಸಣ್ಣ ತೂತು ಮುಚ್ಚಿರುತ್ತದೆ. ಟ್ಯಾಂಕಿನ ಖಾಲಿ ಜಾಗದಲ್ಲಿ ತೇವ ಸೇರಿ ತುಕ್ಕು ಹಿಡಿದಿರುತ್ತದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು, ಚಂದ್ರಗುತ್ತಿ ಕಡೆಯ ಮಳೆಗೆ ಅದು ಸಾಕು. ಬ್ಯಾಟರಿ ಸತ್ತಿರುತ್ತದೆ. ಸಿಲಿಂಡರಿನ ಗೋಡೆಯ ಮೇಲಿದ್ದ ಆಯಿಲ್ ಪದರ ಜಾರಿಹೋಗಿ ರಿಂಗುಗಳು ಬರಿಮೈಯಲ್ಲಿ ಕೂತಿರುತ್ತವೆ.

ಓಡುವ ಗಾಡಿಯ ಕಥೆಯೇ ಬೇರೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಎರಡೇ ಫರ್ಲಾಂಗು ಓಡಿಸಿದರೆ ಅದು ಇಂಜಿನ್ ಆಯಿಲಿನಲ್ಲೇ ಉಳಿದು ಕೆಸರಾಗುತ್ತದೆ. ಸೊರಬದಿಂದ ಶಿಕಾರಿಪುರಕ್ಕೆ ಒಂದೇ ದಮ್ಮಿಗೆ ಹೊಡೆದರೆ ಇಂಜಿನ್ ಪೂರ್ತಿ ಕಾದು ಆ ತೇವ ಹಾರಿಹೋಗುತ್ತದೆ. ಸವೆತ ಹೆಚ್ಚಾಗುವುದು ತಣ್ಣಗಿನ ಇಂಜಿನ್ನಿಗೆ ಕಿಕ್ ಹೊಡೆದ ಮೊದಲ ಗಳಿಗೆಯಲ್ಲಿ. ಹೀಗಾಗಿ ದಿನಾ ದೂರ ಹೋಗುವ ಗಾಡಿ ಕಿಲೋಮೀಟರಿನ ಲೆಕ್ಕದಲ್ಲಿ ಕಡಿಮೆ ಸವೆಯುತ್ತದೆ. ಬಳಸಿದರೆ ಖರ್ಚಾಗುತ್ತದೆ, ಎತ್ತಿಟ್ಟರೆ ಉಳಿಯುತ್ತದೆ ಎಂಬ ಮನೆವಾರ್ತೆಯ ಲೆಕ್ಕ ಇಲ್ಲಿ ತಿರುಗುಮುರುಗು. ಓಡಿಸುವುದೇ ಆರೈಕೆಯ ಅರ್ಧ ಭಾಗ. ಇನ್ನರ್ಧ ಹೊತ್ತಿಗೆ ಸರಿಯಾಗಿ ಬದಲಿಸುವ ಆಯಿಲು, ಏರ್ ಫಿಲ್ಟರಿನ ಧೂಳು, ಟ್ಯಾಪೆಟ್ಟಿನ ಸಂದು, ಚೈನಿನ ಬಿಗಿ.

ಆದ್ದರಿಂದ ನಾಗಸೇನನ ಪಟ್ಟಿಗೆ ಒಂದನ್ನು ಸೇರಿಸಬೇಕು. ‘ಅದೇ ಗಾಡಿ’ ಎಂಬ ಮಾತನ್ನು ಹೊತ್ತು ನಿಂತಿರುವುದು ಭಾಗಗಳಷ್ಟೇ ಅಲ್ಲ, ನಡುವೆ ಕಡಿಯದೆ ಬಂದ ಆರೈಕೆ ಮತ್ತು ದುಡಿಮೆ. ಇದು ಕಬ್ಬಿಣದ ಗುಣವೂ ಅಲ್ಲ, ಮಾಲೀಕನ ಗುಣವೂ ಅಲ್ಲ. ಇಬ್ಬರ ನಡುವೆ ನಡೆಯುತ್ತಿರುವ ವ್ಯವಹಾರ. ಅದು ನಿಂತ ದಿನ ಚಾಸಿ ನಂಬರ್ ಅಳಿಯದೇ ಇದ್ದರೂ ಗಾಡಿ ಇಲ್ಲ.

ಈ ಸೀಮೆಯ ಹಳೆಯ ಜನಕ್ಕೆ ಇದು ಹೊಸ ಮಾತಾಗಿರಲಾರದು. ತಾಳಗುಂದದ ಕಂಬಶಾಸನ ಕದಂಬರ ಕಾಕುತ್ಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಕವಿ ಕುಬ್ಜ ಅದನ್ನು ಬರೆದದ್ದು 5ನೆಯ ಶತಮಾನದಲ್ಲಿ. ಕೆರೆಯೆಂದರೆ ಪ್ರತಿ ವರ್ಷ ನೀರು ಹೊಸದು, ಹೂಳು ತೆಗೆದರೆ ಮಣ್ಣೂ ಬದಲು, ಏರಿ ಒಡೆದರೆ ಕಲ್ಲೂ ಬದಲು. ಆದರೂ ಅದೇ ಕೆರೆ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೆಯ ಸಂಪುಟಗಳಲ್ಲಿ ಸಂಗ್ರಹಿಸಿದ ಈ ಜಿಲ್ಲೆಯ ಶಾಸನಗಳನ್ನು ತಿರುವಿದರೆ, ದೇವಾಲಯಕ್ಕೆ ಭೂಮಿ ಬಿಟ್ಟವರು ಪೂಜೆ, ನೈವೇದ್ಯಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ, ಅಂದರೆ ಒಡೆದದ್ದು ಬಿರುಕು ಬಿಟ್ಟದ್ದರ ರಿಪೇರಿಗೂ, ಪಾಲು ಬಿಟ್ಟಿರುವುದು ಮತ್ತೆ ಮತ್ತೆ ಕಾಣುತ್ತದೆ. ಕಟ್ಟಿದ ದಿನವೇ ಒಡೆಯುವ ದಿನದ ಖರ್ಚನ್ನು ಎತ್ತಿಟ್ಟವರು ಅವರು.

ಈಗಿನ ಭಕ್ತಿ ಆ ಲೆಕ್ಕವನ್ನು ಸ್ವಲ್ಪ ಮರೆತಿದೆ. ಆಯುಧಪೂಜೆಯ ದಿನ ಟ್ಯಾಂಕಿಗೆ ವಿಭೂತಿ, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ಗಾಲಿಯಡಿಗೆ ನಿಂಬೆಹಣ್ಣು. ಚೈನು ಮಾತ್ರ ಒಣಗಿ ಕಿರುಗುಟ್ಟುತ್ತಿರುತ್ತದೆ. ಪೂಜೆ ಬೇಡ ಎಂದಲ್ಲ. ವರ್ಷಕ್ಕೊಮ್ಮೆಯಾದರೂ ಗಾಡಿಯ ಮೈಯೆಲ್ಲ ತೊಳೆದು, ಬಗ್ಗಿ ನೋಡುವಂತೆ ಮಾಡುವುದು ಆ ಹಬ್ಬವೇ. ಸಡಿಲವಾದ ನಟ್ಟು, ಸೋರುವ ಆಯಿಲು ಎಷ್ಟೋ ಜನರ ಕಣ್ಣಿಗೆ ಬೀಳುವುದು ಅಂದೇ.

ಆದರೆ ಇದೇ ಬಳ್ಳಿಗಾವಿಯ ಅಲ್ಲಮಪ್ರಭು ಈ ವಾದವನ್ನು ಸುಮ್ಮನೆ ಬಿಡುವವನಲ್ಲ. ‘ಶೂನ್ಯಸಂಪಾದನೆ’ಯಲ್ಲಿ ಅವನು ಸೊನ್ನಲಿಗೆಗೆ ಹೋಗಿ, ಕೆರೆ ತೋಡಿಸುತ್ತ ಗುಡಿ ಕಟ್ಟಿಸುತ್ತ ಇದ್ದ ಸಿದ್ಧರಾಮನನ್ನೇ ಎದುರು ಹಾಕಿಕೊಳ್ಳುತ್ತಾನೆ. ಲೋಕಕ್ಕೆ ಬೇಕಾದ ಅಂಥ ಕೆಲಸದಲ್ಲೂ ‘ನಾನು ಮಾಡಿದೆ’ ಎಂಬುದು ನುಸುಳುತ್ತದೆ ಎಂಬುದು ಅವನ ತಕರಾರು. ಅದು ಬೈಕಿಗೂ ತಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ ರಾಜಕಾರಣಿ ಡೇವ್ ಝೀನ್ 1991ರ ಹಾರ್ಲೆ ಡೇವಿಡ್‌ಸನ್ ಮೇಲೆ 2009ರ ಹೊತ್ತಿಗೆ ಹತ್ತು ಲಕ್ಷ ಮೈಲಿ ಮುಟ್ಟಿದ. ಅಂದರೆ ಹದಿನಾರು ಲಕ್ಷ ಕಿಲೋಮೀಟರ್. ಸಾಧನೆಯೇ. ಅಂಕಿಗಾಗಿ ಓಡಿದ್ದೆಷ್ಟು, ಹೋಗಬೇಕಾದ ಕಡೆಗೆ ಓಡಿದ್ದೆಷ್ಟು ಎಂದು ಅಲ್ಲಮನ ಊರಿನವರು ಕೇಳಿದರೆ ತಪ್ಪಿಲ್ಲ. ಡೇರಿಗೆ ಹಾಲು ಹಾಕುವವನಿಗೆ ಈ ತೊಂದರೆ ಇಲ್ಲ. ಅವನ ಮೀಟರ್ ಕೇಬಲ್ ಕಡಿದು ಎಷ್ಟೋ ಕಾಲವಾಗಿರುತ್ತದೆ.

ಮೋಹದ ಇನ್ನೊಂದು ರೂಪ ಮೈಸೂರಿನ ಗಾಡಿಗಳ ಸುತ್ತ ಕಾಣುತ್ತದೆ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅದರ ಜಾವಾ, ಯೆಜ್ಡಿಗಳು ಈಗಲೂ ಓಡುತ್ತಿವೆ. ಕೆಲವು ಮಾತ್ರ ಕ್ರೋಮ್ ಮಿರುಗಿಸಿಕೊಂಡು ಹಜಾರದಲ್ಲೇ ನಿಂತಿವೆ. ಓಡುವವಕ್ಕೆ ಬೋರ್ ಕೆಲಸ ತಪ್ಪಿದ್ದಲ್ಲ. ಸವೆದ ಸಿಲಿಂಡರನ್ನು ಕಾಲು ಮಿಲಿಮೀಟರ್ ಕೊರೆದು ಅಷ್ಟೇ ದೊಡ್ಡ ಪಿಸ್ಟನ್ ಹಾಕುತ್ತಾರೆ. ಮುಂದಿನ ಸಲ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಒಂದು. ಅಲ್ಲಿಗೆ ಗೋಡೆ ತೆಳುವಾಯಿತು. ಹೊಸ ಸ್ಲೀವ್ ಹೊಡೆಸಬೇಕು, ಇಲ್ಲ ಬ್ಲಾಕೇ ಬದಲಿಸಬೇಕು. ರಿಪೇರಿಯೂ ಲೋಹವನ್ನು ತಿನ್ನುತ್ತದೆ ಎಂಬುದು ಬೋರ್ ಹೊಡೆಯುವವನಿಗೆ ಅಂಗೈ ನೆಲ್ಲಿ. ಅಲ್ಲಮನ ಮುಂದೆ ಅವನು ತಬ್ಬಿಬ್ಬಾಗಲಾರ. ಗಾಡಿ ಶಾಶ್ವತ ಎಂದು ಅವನು ಯಾವತ್ತೂ ಹೇಳಿಲ್ಲ, ‘ಇನ್ನೊಂದು ಬೋರು ಬರ್ತದೆ’ ಎಂದಷ್ಟೇ ಹೇಳಿದ್ದಾನೆ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಹುಪಾಲು ಹೊಸ ಬೈಕುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಫ್ಯುಯಲ್ ಇಂಜೆಕ್ಷನ್ ಬಂದಿದೆ. ಹೊಗೆ ಕಡಿಮೆ, ಅದು ಒಳ್ಳೆಯದೇ. ಆದರೆ ಸೆನ್ಸರ್ ಕೈಕೊಟ್ಟರೆ ಶಿರಾಳಕೊಪ್ಪದ ಮರದಡಿಯ ಮೆಕ್ಯಾನಿಕ್ಕನ ಸ್ಪ್ಯಾನರಿಗೆ ಕೆಲಸವಿಲ್ಲ, ಸ್ಕ್ಯಾನರ್ ಇರುವ ಕಡೆಗೇ ಹೋಗಬೇಕು. ಕೊಂಡವರಿಗೆ ರಿಪೇರಿಯ ಹಕ್ಕಿರಬೇಕೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೇ ತೆರೆಯಿತು. ದೇವಾಲಯಗಳ ದಾನಿಗಳು ಕಲ್ಲಿನಲ್ಲಿ ಕೊರೆಸಿಟ್ಟ ರಿಪೇರಿಯ ಬಾಬತ್ತನ್ನು ಕಂಪನಿಗಳು ಮಾರುವ ದಿನವೇ ಬರೆದುಕೊಡಬಹುದು: ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಯಾರು ಬಿಚ್ಚಬಹುದು. ಈಗ ಕೊಂಡ ಗಾಡಿ ಎರಡನೇ ಸುತ್ತು ಕಾಣುತ್ತದೋ ಇಲ್ಲವೋ ಎಂಬುದು ಇಂಜಿನ್ನಿಗಿಂತ ಆ ಎರಡು ಸಾಲುಗಳ ಮೇಲೆ ನಿಂತಿದೆ.